ಬೆಲ್ಲಕ್ಕನ ವಾರ

ಸೈಕಲ್ ಬೆಲ್ಲನ್ನು ಪರೀಕ್ಷಿಸುವಾಗ ಒಂದೇ ಸಲ ಬಾರಿಸಬೇಕು. ಎರಡನೇ ಸಲ ಬಾರಿಸಿದರೆ ಕಿವಿ ಆ ದನಿಗೆ ಒಗ್ಗಿಹೋಗುತ್ತದೆ. ಒಗ್ಗಿದ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ಬೆಲ್ಲು ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಎಡಗೈಯಲ್ಲಿ ಎತ್ತು, ಬಲಗೈ ಹೆಬ್ಬೆರಳಿನಿಂದ ಒತ್ತು, ಕೇಳು. ನುಡಿದದ್ದು ಬಲಗಡೆಯ ಪೆಟ್ಟಿಗೆಗೆ, ಗೊಣಗಿದ್ದು ಎಡಗಡೆಗೆ. ಮದುವೆಯಾಗಿ ಬಂದ ವರ್ಷ ಹಿಡಿದ ಆ ಮೇಜನ್ನು ಅವರು ಬಿಟ್ಟದ್ದು ಕಾರ್ಖಾನೆಗೆ ಬೀಗ ಬಿದ್ದ ದಿನ. ಅಷ್ಟರಲ್ಲಿ ‘ಬೆಲ್ಲಿನ ಅಕ್ಕ’ ಎಂಬುದು ‘ಬೆಲ್ ಅಕ್ಕ’ನಾಗಿ, ಕೊನೆಗೆ ‘ಬೆಲ್ಲಕ್ಕ’ ಎಂದು ಕೂತುಬಿಟ್ಟಿತ್ತು.

“ಬೆಲ್ಲ ಹೆಸರಲ್ಲಿ ಮಾತ್ರ. ಬಾಯಿ ತೆಗೆದ್ರೆ ಬರೀ ಟ್ರಿಣ್,” ಎಂದು ಅವರ ಗಂಡ ಕುರ್ಚಿಯಲ್ಲಿ ಕೂತ ಗಿರಾಕಿಗಳಿಗೆ ಹೇಳುವುದುಂಟು. ಗಂಡನದು ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಕ್ಷೌರದ ಅಂಗಡಿ. ಒಂದು ಕುರ್ಚಿ ಗಿರಾಕಿಗೆ, ಇನ್ನೊಂದು ಮಾತಿಗೆ ಬಂದವರಿಗೆ.

ಕಾರ್ಖಾನೆ ಮುಚ್ಚಿದ ಮೇಲೆ ಬೆಲ್ಲಕ್ಕನಿಗೆ ನಿರುದ್ಯೋಗ ಭತ್ಯೆ ಮಂಜೂರಾಯಿತು. ನಿಯಮ ಸರಳವಾಗಿತ್ತು. ವಾರದಲ್ಲಿ ಎರಡು ದಿನದವರೆಗೆ ಅಲ್ಲಿ ಇಲ್ಲಿ ದುಡಿದರೆ ಭತ್ಯೆಗೆ ಅಡ್ಡಿಯಿಲ್ಲ. ಮೂರನೇ ದಿನ ದುಡಿದರೆ ಆ ವಾರದ ಭತ್ಯೆ ಇಲ್ಲ. ಪ್ರತಿ ಭಾನುವಾರ ಕಚೇರಿಯ ಒಂದು ನಂಬರಿಗೆ ಫೋನು ಮಾಡಬೇಕು. ಅತ್ತ ಕಡೆಯಿಂದ ಯಂತ್ರದ ಹೆಣ್ಣು ದನಿ ಕೇಳುತ್ತದೆ: “ಕಳೆದ ವಾರ ನೀವು ಎಷ್ಟು ದಿನ ಕೆಲಸ ಮಾಡಿದಿರಿ? ಅಂಕಿ ಒತ್ತಿ.” ಒತ್ತಿದರೆ ಮುಗಿಯಿತು.

ಬೆಲ್ಲಕ್ಕನಿಗೆ ಒಂದು ಲಾಂಡ್ರಿಯಲ್ಲಿ ಬಿಡಿ ಕೆಲಸ ಸಿಕ್ಕಿತು. ಹೋಟೆಲುಗಳಿಂದ ಬರುವ ಚಾದರ, ದಿಂಬಿನ ಚೀಲಗಳನ್ನು ಬಿಸಿ ರೋಲರಿಗೆ ಕೊಟ್ಟು ಆ ಬದಿಯಲ್ಲಿ ಮಡಿಸಿ ಜೋಡಿಸುವ ಕೆಲಸ. ಲಾಂಡ್ರಿಯವರು ಮಂಗಳವಾರದಿಂದ ಶುಕ್ರವಾರದವರೆಗೆ ಸತತ ನಾಲ್ಕು ದಿನ ಬನ್ನಿ, ಆಮೇಲೆ ಒಂದು ವಾರ ಬಿಟ್ಟು ಮತ್ತೆ ಹಾಗೇ ಬನ್ನಿ ಎಂದರು. ಬೆಲ್ಲಕ್ಕ ಬೆರಳು ಮಡಿಸಿ ಲೆಕ್ಕ ಹಾಕಿ ಒಪ್ಪಿಕೊಂಡರು. ಒಮ್ಮೆ ಜನ ಕಡಿಮೆ ಬಿದ್ದು ಸೋಮವಾರವೂ ಬನ್ನಿ ಎಂದಾಗ, “ಆಗಲ್ಲಪ್ಪ, ಎರಡು ದಿನ ದಾಟುತ್ತೆ,” ಎಂದು ಖಡಾಖಂಡಿತವಾಗಿ ಹೇಳಿದರು. ಪ್ರತಿ ಭಾನುವಾರ ಬೆಳಿಗ್ಗೆ ಫೋನು ಹಚ್ಚಿ, ತಪ್ಪದೆ ‘ಎರಡು’ ಒತ್ತಿದರು.

ಇಷ್ಟರಲ್ಲಿ ಒಂದು ಸಂಗತಿ ನಡೆಯಿತು. ಕಾರ್ಖಾನೆಯ ಯಂತ್ರಗಳು ಹರಾಜಾದಾಗ ಬೆಲ್ಲಿನ ಮುಚ್ಚಳ ಒತ್ತುವ ಅಚ್ಚುಗಳನ್ನು ಕೇಳುವವರೇ ಇರಲಿಲ್ಲ. ಅವನ್ನು ಕೈಯಾರೆ ಕಡೆದು ಮಾಡಿದ್ದ ಅಚ್ಚು ಮೇಸ್ತ್ರಿ ಹರಾಜಿಗೆ ಹೋಗಿ, ಗುಜರಿ ಕಬ್ಬಿಣದ ದರಕ್ಕೆ ಕೊಂಡು, ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದುಬಿಟ್ಟರು. ಟೈರು ರಿಪೇರಿ ಅಂಗಡಿಯ ಹಿಂದಿನ ತಗಡಿನ ಶೆಡ್ಡು ಬಾಡಿಗೆಗೆ ಸಿಕ್ಕಿತು. ತಾಮ್ರದ ಹಾಗೆ ಹೊಳೆಯುವ ಬೋಳುತಲೆಯ ಪಾಲಿಶ್ ಮಾಮ ತಮ್ಮ ಹಳೆಯ ಮೋಟಾರು ತಂದರು. ಬೆಲ್ಲಿನೊಳಗೆ ಸ್ಪ್ರಿಂಗು ಕೂರಿಸುವುದರಲ್ಲಿ ಕಾರ್ಖಾನೆಗೇ ಹೆಸರಾಗಿದ್ದ, ಮಾತಿನಲ್ಲೂ ನಡಿಗೆಯಲ್ಲೂ ಪುಟಿಯುತ್ತಿದ್ದ ‘ಸ್ಪ್ರಿಂಗು’ ಎಂಬ ಹೆಂಗಸು ಕರೆಯುವ ಮೊದಲೇ ಬಂದು ನಿಂತಳು. ನಾಲ್ಕನೆಯವರು ಬೆಲ್ಲಕ್ಕ. ನಾಲ್ವರೂ ಭತ್ಯೆ ಪಡೆಯುತ್ತಿದ್ದವರೇ.

ಕೈಯಿಂದಲೇ ಒತ್ತಿ, ತಿಕ್ಕಿ, ಕೂರಿಸಿ ಮಾಡಿದ ಒಂದು ಪೆಟ್ಟಿಗೆ ಬೆಲ್ಲನ್ನು ಸಾಮಾನು ಸಾಗಿಸುವ ದೊಡ್ಡ ಸೈಕಲ್ಲುಗಳನ್ನು ಮಾರುವ ವ್ಯಾಪಾರಿಯೊಬ್ಬನಿಗೆ ತೋರಿಸಿದರು. ಆತ ಒಂದನ್ನು ಎತ್ತಿ ಬಾರಿಸಿದ. ಇನ್ನೊಂದು. ಮತ್ತೊಂದು. ಪೆಟ್ಟಿಗೆ ತಳ ಕಾಣುವವರೆಗೆ ಬಾರಿಸಿದ.

“ಒಂದೂ ಕೆಟ್ಟದ್ದಿಲ್ವಲ್ರೀ,” ಎಂದ.

“ಕೆಟ್ಟದ್ದು ಮನೇಲಿದೆ,” ಎಂದಳು ಸ್ಪ್ರಿಂಗು. “ಎರಡು ಪೆಟ್ಟಿಗೆ ತುಂಬ. ಈ ಅಕ್ಕನ ಕಿವಿ ದಾಟ್ಲಿಲ್ಲ ಅವು.”

“ಹಾಗಾದ್ರೆ ಕಿವಿ ಸಮೇತ ಬೆಲ್ಲು ಕೊಡೋದಾದ್ರೆ ವರ್ಷಕ್ಕೆ ಆರ್ಡರು ಕೊಡ್ತೀನಿ,” ಎಂದ ಆತ.

ಆ ಮಾತು ಕೇಳಿದ ಮೇಲೆ ಶೆಡ್ಡಿನಲ್ಲಿ ಯಾರೂ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ವಿದ್ಯುತ್ತಿನ ಪ್ರೆಸ್ಸು ಕೊಳ್ಳಬೇಕಿತ್ತು. ಭತ್ಯೆ ಕೊಡುವ ಕಚೇರಿಯೇ, ಕೆಲಸ ಕಳೆದುಕೊಂಡವರು ನಾಲ್ಕು ಜನ ಕೂಡಿ ಸ್ವಂತ ಉದ್ಯೋಗ ಹೂಡಿದರೆ ಒಟ್ಟಿಗೆ ಒಂದು ನೆರವಿನ ಹಣ ಕೊಡುತ್ತದೆ ಎಂದು ಸ್ಪ್ರಿಂಗು ಪತ್ತೆ ಮಾಡಿಕೊಂಡು ಬಂದಳು. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿತ್ತು. ನಾಲ್ವರೂ ಸಹಿ ಹಾಕಿದರು. ಪಾಲಿಶ್ ಮಾಮ ಸಹಿ ಹಾಕುವಾಗ ಪೆನ್ನು ಎಷ್ಟು ಒತ್ತಿದರೆಂದರೆ ಕಾಗದ ತೂತಾಯಿತು. “ಇವರಿಗೆ ಏನು ಕೊಟ್ರೂ ತಿಕ್ಕಿಬಿಡ್ತಾರೆ,” ಎಂದು ಸ್ಪ್ರಿಂಗು ನಕ್ಕಳು.

ಬೆಲ್ಲಕ್ಕನ ಮನೆಗೆ ನೋಟಿಸು ಬಂದದ್ದು ಅದೇ ವಾರ.

ಓದಿದ್ದು ಸೊಸೆ. ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ವೈದ್ಯರ ಕೈಬರಹವನ್ನೇ ಓದುವವಳಿಗೆ ಸರ್ಕಾರದ ಅಚ್ಚು ಯಾವ ಲೆಕ್ಕ ಎಂದು ಮನೆಯ ಕಾಗದಗಳೆಲ್ಲ ಅವಳ ಕೈಗೇ ಹೋಗುತ್ತಿದ್ದವು. ಲಾರಿ ಓಡಿಸುವ ಮಗ ಊರಲ್ಲಿರುತ್ತಿದ್ದುದೇ ಅಪರೂಪ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಬಾಯಿಬಿಟ್ಟು ಓದಿದಳು. ಲಾಂಡ್ರಿಯ ಹಾಜರಿಯನ್ನು ಫೋನಿನ ಉತ್ತರಗಳೊಂದಿಗೆ ತಾಳೆ ನೋಡಲಾಗಿದೆ. ಹಲವು ವಾರಗಳಲ್ಲಿ ತಾವು ನಾಲ್ಕು ದಿನ ದುಡಿದು ಎರಡು ದಿನ ಎಂದು ತಿಳಿಸಿದ್ದೀರಿ. ಆ ವಾರಗಳ ಭತ್ಯೆ ಹೆಚ್ಚುವರಿ ಪಾವತಿಯಾಗಿದ್ದು, ಮರಳಿಸತಕ್ಕದ್ದು. ಮಾಹಿತಿ ಮುಚ್ಚಿಟ್ಟಿರುವುದು ಉದ್ದೇಶಪೂರ್ವಕವೆಂದು ಕಂಡುಬಂದಿದೆ. ಮೇಲ್ಮನವಿ ಇದ್ದರೆ ವಿಚಾರಣೆಗೆ ಹಾಜರಾಗಬಹುದು.

“ಉದ್ದೇಶ... ಏನದು?” ಎಂದರು ಬೆಲ್ಲಕ್ಕ.

“ಉದ್ದೇಶಪೂರ್ವಕ.”

“ಹೇಳೋಕೇ ಎರಡು ಸಲ ಉಸಿರು ಬೇಕಲ್ಲೇ,” ಎಂದರು ಮಾವ, ಅಂದರೆ ಕ್ಷೌರದಂಗಡಿಯವರು. “ಅಂದ್ರೆ?”

“ಬೇಕೂಂತಲೇ ಅಂತ, ಮಾವ.”

ಬೆಲ್ಲಕ್ಕನ ಮುಖಕ್ಕೆ ರಕ್ತ ನುಗ್ಗಿತು. “ಯಾರು? ನಾನಾ? ಒಂದು ದಿನ, ಒಂದೇ ಒಂದು ದಿನ ನಾನು ಮುಚ್ಚಿಟ್ಟಿದ್ರೆ ಈ ಕಿವಿ ಕೆಟ್ಟುಹೋಗ್ಲಿ!”

“ಅಯ್ಯೋ, ಕಿವಿ ಮೇಲೆ ಆಣೆ ಇಡಬೇಡ್ವೇ, ಆರ್ಡರು ಅದರ ಮೇಲಿದೆ,” ಎಂದು ಗಂಡ ತಮಾಷೆ ಮಾಡಹೋದರು. ಯಾರೂ ನಗಲಿಲ್ಲ. ಯಾಕೆಂದರೆ ಸೊಸೆ ಅಷ್ಟರಲ್ಲಿ ಕೊನೆಯ ಸಾಲಿಗೆ ಬಂದಿದ್ದಳು. ಉದ್ದೇಶಪೂರ್ವಕವೆಂದು ದಾಖಲಾದವರಿಗೆ ಮುಂದೆ ಭತ್ಯೆಯಾಗಲೀ ಸ್ವಂತ ಉದ್ಯೋಗದ ನೆರವಾಗಲೀ ಸಿಗತಕ್ಕದ್ದಲ್ಲ.

ಹಣ ಕಟ್ಟುವ ಮಾತು ಬೆಲ್ಲಕ್ಕನನ್ನು ಅಷ್ಟಾಗಿ ಹೆದರಿಸಲಿಲ್ಲ. ಕೊಡಬೇಕಾದ್ದಿದ್ದರೆ ಕೊಡುವುದು. ಆದರೆ ಆ ಒಂದು ಪದ ಅವರ ಹೆಸರಿನ ಮುಂದೆ ಉಳಿದರೆ ಶೆಡ್ಡಿನ ಅರ್ಜಿಯಿಂದ ಅವರು ಹೊರಬೀಳುತ್ತಿದ್ದರು. ಅವರು ಬಿದ್ದರೆ ನಾಲ್ವರು ಮೂವರಾಗಿ ನೆರವೂ ತಪ್ಪುತ್ತಿತ್ತು. ಕಿವಿ ಸಮೇತ ಎಂದು ಕೊಟ್ಟ ಆರ್ಡರೂ ಹೋಗುತ್ತಿತ್ತು.

“ಮೊದಲು ಲೆಕ್ಕ ನೋಡೋಣ ಅತ್ತೆ,” ಎಂದಳು ಸೊಸೆ. ಗೋಡೆಯ ಕ್ಯಾಲೆಂಡರನ್ನು ಕಿತ್ತು ಮೇಜಿನ ಮೇಲೆ ಹರಡಿದಳು. ಹೊಲಿಗೆ ಡಬ್ಬಿಯಿಂದ ಒಂದು ಹಿಡಿ ಗುಂಡಿ ತಂದಳು. ನೋಟಿಸಿಗೆ ಅಂಟಿಸಿದ್ದ ಲಾಂಡ್ರಿಯ ಹಾಜರಿ ನೋಡುತ್ತ, ಅತ್ತೆ ದುಡಿದ ದಿನದ ಮೇಲೆಲ್ಲ ಒಂದೊಂದು ಗುಂಡಿ ಇಡುತ್ತ ಹೋದಳು. ಬಿಳಿ ಅಂಗಿಯ ಗುಂಡಿ, ಕೋಟಿನ ಕಪ್ಪು ಗುಂಡಿ. ಇಟ್ಟು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅತ್ತೆ, ಇದು ನಾಲ್ಕು.”

“ಎಲ್ಲಿ ನಾಲ್ಕು? ಎರಡು. ಇಲ್ಲಿ ಎರಡು.”

“ಒಂದೇ ಸಾಲಲ್ಲಿ ನಾಲ್ಕು ಗುಂಡಿ ಇದೆಯಲ್ಲ! ಮಂಗಳ, ಬುಧ, ಗುರು, ಶುಕ್ರ.”

“ಸಾಲು ಕ್ಯಾಲೆಂಡರಿಂದು ಕಣಮ್ಮ. ವಾರ ಬುಧವಾರಕ್ಕೆ ಮುಗೀತಲ್ಲ. ಮಂಗಳ, ಬುಧ ಆ ವಾರದ್ದು. ಗುರು, ಶುಕ್ರ ಈ ವಾರದ್ದು.”

ಸೊಸೆ ಅತ್ತೆಯ ಮುಖ ನೋಡಿದಳು. ತಮಾಷೆಯ ಗುರುತು ಕಾಣಲಿಲ್ಲ. ಮಾವನ ಕಡೆ ತಿರುಗಿದಳು. ಮಾವ, ಇದರಲ್ಲೇನಿದೆ ವಿಶೇಷ ಎನ್ನುವ ಹಾಗೆ ತಲೆದೂಗುತ್ತಿದ್ದರು.

“ವಾರ ಬುಧವಾರಕ್ಕೆ ಮುಗಿಯುತ್ತಾ?”

“ಮತ್ತೆ? ಗುರುವಾರ ಹೊಸ ವಾರ.”

“ಯಾರಿಗೆ?”

“ಯಾರಿಗೆ ಅಂದ್ರೆ? ಎಲ್ಲರಿಗೂ!”

ಹೇಳಿದ ಮೇಲೆ ಬೆಲ್ಲಕ್ಕನಿಗೆ ತಮ್ಮ ಮಾತು ತಮ್ಮ ಕಿವಿಗೇ ಬಿತ್ತು. ಅವರು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

ಬೆಲ್ಲು ಕಾರ್ಖಾನೆಯ ವಾರ ಗುರುವಾರಕ್ಕೆ ಶುರುವಾಗುತ್ತಿತ್ತು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಹಿತ್ತಾಳೆ ತಗಡಿನ ಲಾರಿ ಗುರುವಾರ ಬರುತ್ತಿತ್ತು ಎಂದು ಕೆಲವರು, ಮೊದಲ ಮಾಲೀಕರು ಕಾರ್ಖಾನೆ ತೆರೆದದ್ದೇ ಗುರುವಾರ ಎಂದು ಕೆಲವರು. ಹಾಜರಿ ಗುರುವಾರದಿಂದ, ಸಂಬಳದ ಬಟವಾಡೆ ಬುಧವಾರ ಸಂಜೆ. ಗೇಟಿನೆದುರಿನ ಅಂಗಡಿಯವರು ಸಾಲ ಕೊಡುತ್ತಿದ್ದುದೂ ಬುಧವಾರಕ್ಕೆ ತೀರಿಸುವ ಮಾತಿನ ಮೇಲೆ. ಭಾನುವಾರ ರಜೆ ವಾರದ ನಡುವೆ ಬರುತ್ತಿತ್ತು, ಊಟದ ಬಿಡುವಿನ ಹಾಗೆ. “ಈ ವಾರ” ಎಂದು ಅಲ್ಲಿ ಯಾರು ಹೇಳಿದರೂ ಗುರುವಾರದಿಂದ ಎಂದೇ ಅರ್ಥ. ಆ ಲೆಕ್ಕ ಗೇಟು ದಾಟಿ ಮನೆಗಳಿಗೂ ಬಂದಿತ್ತು. ಬೆಲ್ಲಕ್ಕನ ಮನೆಯಲ್ಲಿ ದಿಂಬಿನ ಚೀಲ ಬದಲಾಗುತ್ತಿದ್ದುದು, ಸೋಪು ಹೊಸದು ಒಡೆಯುತ್ತಿದ್ದುದು, ಮಗನಿಗೆ ಕೈಖರ್ಚು ಸಿಗುತ್ತಿದ್ದುದು ಎಲ್ಲ ಗುರುವಾರ.

“ನಾನು ಬಂದಾಗಿಂದ ಅನ್ಕೊಳ್ತಿದ್ದೆ,” ಎಂದಳು ಸೊಸೆ, “ಈ ಮನೇಲಿ ಗುರುವಾರ ಅಂದ್ರೆ ಯಾಕಿಷ್ಟು ಗಡಿಬಿಡಿ ಅಂತ. ಮದುವೆಗೆ ಮುಂಚೆ ನಿಮ್ಮ ಮಗ ‘ಈ ವಾರವೇ ಸಿಗ್ತೀನಿ’ ಅಂದು ಮಂಗಳವಾರ ಬಂದಿದ್ರು. ನಾನು ಶನಿವಾರಾನೇ ಮುನಿಸಿಕೊಂಡು ಕೂತಿದ್ದೆ!”

ಗಂಡ ತೊಡೆ ತಟ್ಟಿಕೊಂಡು ನಕ್ಕರು. ಬೆಲ್ಲಕ್ಕನಿಗೂ ನಗು ಬಂತು. ಅವರು ಎದ್ದು ಗುಂಡಿಗಳ ಮೇಲೆ ಬಾಗಿದರು. ನಾಲ್ಕು ಗುಂಡಿಯ ಸಾಲು, ಅದರ ಕೆಳಗೆ ಖಾಲಿ ಸಾಲು, ಮತ್ತೆ ನಾಲ್ಕು. ತಮ್ಮ ಕಣ್ಣಿಗೆ ಇಷ್ಟು ದಿನ ಎರಡು, ಎರಡು, ಎರಡು ಎಂದು ಕಂಡದ್ದು ಕಚೇರಿಯ ಕಣ್ಣಿಗೆ ಹೀಗೆ ಕಂಡಿತ್ತು.

“ತಪ್ಪು ನನ್ನದೇ,” ಎಂದರು. “ಹಣ ಕಟ್ಟೋದೇ. ಆದ್ರೆ ಬೇಕೂಂತ ಮಾಡಿದ್ದಲ್ಲ. ಇದನ್ನು ಅವರಿಗೆ ಹೇಳಿದ್ರೆ ಸಾಕಲ್ವಾ?”

“ಗುರುವಾರಕ್ಕೆ ವಾರ ಶುರು ಅಂತ ಹೋಗಿ ಹೇಳು,” ಎಂದರು ಗಂಡ. “ಮೊದಲು ಡಾಕ್ಟರ ಹತ್ರ ಕಳಿಸ್ತಾರೆ.”

ಬೆಲ್ಲಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಶೆಡ್ಡಿನಲ್ಲಿ ಸ್ಪ್ರಿಂಗು ನೆಲದ ಮೇಲೆ ಕೂತು ತಂತಿ ಸುತ್ತುತ್ತಿದ್ದಳು. ಪಾಲಿಶ್ ಮಾಮನ ಮೋಟಾರು ಗುಂಯ್‌ಗುಡುತ್ತಿತ್ತು. ಅಚ್ಚು ಮೇಸ್ತ್ರಿ ಅಚ್ಚೊಂದಕ್ಕೆ ಎಣ್ಣೆ ಸವರುತ್ತಿದ್ದರು.

“ಲೇ, ವಾರ ಯಾವತ್ತು ಶುರುವಾಗುತ್ತೆ?” ಎಂದು ಬಾಗಿಲಿಂದಲೇ ಕೂಗಿದರು.

“ಗುರುವಾರ,” ಎಂದಳು ಸ್ಪ್ರಿಂಗು, ತಲೆಯೆತ್ತದೆ. “ಅದೇನ್ ಪ್ರಶ್ನೆ? ಬಿಸಿಲು ಜಾಸ್ತಿಯಾಯ್ತಾ?”

“ಮಾಮ?”

ಪಾಲಿಶ್ ಮಾಮ ಮೋಟಾರು ನಿಲ್ಲಿಸಿದರು. “ಗುರುವಾರ.”

ಬೆಲ್ಲಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದರು: ನೋಟಿಸು, ಪದ, ಗುಂಡಿ. ಸ್ಪ್ರಿಂಗು ಕುಣಿದುಬಿಟ್ಟಳು. “ಅಷ್ಟೇನಾ! ನಾವು ಬರ್ತೀವಿ, ಹೇಳ್ತೀವಿ. ಇಡೀ ಕಾರ್ಖಾನೇಗೇ ಹಾಗೆ ಅಂತ. ನಾನೂ ಹಾಗೇ ಒತ್ತೋದು, ಕ್ಯಾಂಟೀನಿನ ಕೆಲಸಕ್ಕೆ ಗುರುವಾರದಿಂದಲೇ ಲೆಕ್ಕ...”

ಮಾತು ಅಲ್ಲಿಗೇ ನಿಂತಿತು. ಮೇಸ್ತ್ರಿ ಎಣ್ಣೆಯ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಅವರು ಬೀಗ ಮಾಡುವವರ ಹತ್ತಿರ ಬಿಡಿ ಕೆಲಸಕ್ಕೆ ಹೋಗುತ್ತಿದ್ದರು. ಪಾಲಿಶ್ ಮಾಮ ಪಾತ್ರೆ ಅಂಗಡಿಗೆ. ಮೂವರೂ ಭಾನುವಾರ ಫೋನು ಹಿಡಿದು ಒತ್ತುತ್ತಿದ್ದುದು ಕಾರ್ಖಾನೆಯ ವಾರವನ್ನೇ. ಕಚೇರಿ ಅವರ ಹಾಜರಿಯನ್ನು ಇನ್ನೂ ತಾಳೆ ನೋಡಿರಲಿಲ್ಲ, ಅಷ್ಟೇ.

“ಅಂದ್ರೆ ನಾವೂ ಕಟ್ಟಬೇಕು,” ಎಂದರು ಮೇಸ್ತ್ರಿ.

“ಕಟ್ಟೋದಿರಲಿ,” ಎಂದರು ಬೆಲ್ಲಕ್ಕ. ಅವರ ದನಿ ಒಮ್ಮೆಲೇ ಇಳಿದಿತ್ತು. “ವಿಚಾರಣೆಗೆ ಕೂರೋರು ನಂಬದೇ ಹೋದ್ರೆ? ನಾಲ್ಕೂ ಜನ ಸೇರಿ ಕಥೆ ಕಟ್ಕೊಂಡು ಬಂದಿದ್ದಾರೆ ಅಂದ್ರೆ? ಆಗ ನಾಲ್ಕೂ ಜನಕ್ಕೆ ಅದೇ ಪದ. ನನ್ನ ಬದಲಿಗೆ ಇನ್ನೊಬ್ಬರನ್ನು ಸೇರಿಸ್ಕೊಂಡ್ರೆ ಶೆಡ್ಡಾದ್ರೂ ಉಳಿಯುತ್ತೆ. ನೀವ್ಯಾರೂ ಬರಬೇಡಿ.”

“ಬೇರೆ ಕಿವಿ ಎಲ್ಲಿಂದ ತರೋದು? ಅಂಗಡೀಲಿ ಸಿಗುತ್ತಾ?” ಎಂದಳು ಸ್ಪ್ರಿಂಗು.

“ನನ್ನ ಮೇಲಾಣೆ. ಬರಬೇಡಿ ಅಂದ್ರೆ ಬರಬೇಡಿ.”

“ಅಕ್ಕ, ನಿನ್ನ ಆಣೆಗೆ ಬೆಲೆ ಕೊಡೋಣ ಅಂದ್ರೆ...” ಎಂದು ಸ್ಪ್ರಿಂಗು ಶುರು ಮಾಡಿದಳು. ಮೇಸ್ತ್ರಿ ಕೈಯೆತ್ತಿದರು. ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಶೆಡ್ಡು ಅದೇ ಮೊದಲ ಸಲ ನೋಡಿದ್ದು. ಮೂವರೂ ಒಪ್ಪಿಕೊಂಡರೆಂದು ತಿಳಿದು ಬೆಲ್ಲಕ್ಕ ಮನೆಗೆ ಹೋದರು.

ವಿಚಾರಣೆಯ ದಿನ ಗಂಡ ಅಂಗಡಿ ಮುಚ್ಚಿದರು. ‘ಮನೆ ಕೆಲಸ, ಮಧ್ಯಾಹ್ನ ಬನ್ನಿ’ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಹೆಂಡತಿಯ ಜೊತೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರು ಏನೇನು ಹೇಳಬೇಕೆಂದು ಹೇಳಿಕೊಡುತ್ತಿದ್ದರು. “ಮೊದಲು ನಮಸ್ಕಾರ. ಆಮೇಲೆ ತಪ್ಪಾಯ್ತು. ಆಮೇಲೆ ಗುರುವಾರ.”

“ನೀವು ಸ್ವಲ್ಪ ಬಾಯಿ ಮುಚ್ತೀರಾ? ನನ್ನ ಎದೆ ಬಡಿಯೋದೇ ನನಗೆ ಕೇಳಿಸ್ತಿಲ್ಲ.”

ಭತ್ಯೆ ಕಚೇರಿಯ ಮೊದಲ ಮಹಡಿಯ ಪಡಸಾಲೆಯಲ್ಲಿ ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳಿದ್ದವು. ಒಬ್ಬರು ಕಾಲು ಅಲ್ಲಾಡಿಸಿದರೆ ಇಡೀ ಸಾಲು ಅಲ್ಲಾಡುತ್ತಿತ್ತು. ಬೆಲ್ಲಕ್ಕನ ಸಾಲು ಅಲ್ಲಾಡುತ್ತಲೇ ಇತ್ತು. ಕರೆ ಬಂತು. ಗಂಡನನ್ನು ಹೊರಗೇ ಕೂರಿಸಿದರು.

ವಿಚಾರಣಾಧಿಕಾರಿ ಬೆಲ್ಲಕ್ಕನ ವಯಸ್ಸಿನ ಹೆಂಗಸು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಮೇಜಿನ ಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು. ಬೆಲ್ಲಕ್ಕ ನಮಸ್ಕಾರ, ತಪ್ಪಾಯ್ತು, ಗುರುವಾರ ಎಲ್ಲವನ್ನೂ ಒಂದೇ ಸಲಕ್ಕೆ ಸುರಿದುಬಿಟ್ಟರು.

ಅಧಿಕಾರಿ ಅಡ್ಡ ಬರಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಒಂದು ಹಾಳೆಯ ಮೇಲೆ ಬೆರಳಿಟ್ಟರು.

“ನಾಲ್ಕು ದಿನ ದುಡಿದ ವಾರಕ್ಕೆ ಎರಡು ಅಂತ ಒತ್ತಿದ್ದೀರಿ. ಅದಕ್ಕೆ ನೋಟಿಸು ಬಂತು. ಆದ್ರೆ ನನಗೆ ತಲೆ ತಿಂತಿರೋದು ಇನ್ನೊಂದು. ಅದರ ಮುಂದಿನ ವಾರ ನೀವು ದುಡಿದೇ ಇಲ್ಲ. ಆಗಲೂ ಎರಡು ಅಂತ ಒತ್ತಿದ್ದೀರಿ. ಮುಚ್ಚಿಡೋರು ದುಡಿಯದ ದಿನಾನ ಯಾಕೆ ದುಡಿದೆ ಅಂತಾರೆ?”

“ಅದೇ ಅಲ್ವಾ ತಾಯಿ! ಗುರು, ಶುಕ್ರ ಅದಕ್ಕೆ ಸೇರುತ್ತೆ!”

“ನೀವು ಹೇಳೋ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಒಪ್ಕೊಳ್ತೀನಿ. ಆದ್ರೆ ಫೋನಲ್ಲಿ ಯಾವಾಗಲೂ ಎರಡೇ ಒತ್ತಿಬಿಡೋಣ, ಯಾರು ನೋಡ್ತಾರೆ ಅಂತ ಒತ್ತೋರೂ ಇದ್ದಾರೆ. ಅದಕ್ಕೂ ಇದು ಕೂರುತ್ತೆ.” ಅವರು ಕನ್ನಡಕವನ್ನು ಕೆಳಗಿಳಿಸಿದರು. “ಗುರುವಾರದ ವಾರ ಅಂತ ನಾನೆಲ್ಲೂ ಕೇಳಿಲ್ಲ. ಕಾರ್ಖಾನೆ ಮುಚ್ಚಿದೆ, ಅದರ ಕಾಗದಪತ್ರ ಯಾವ ಗೋದಾಮಿನಲ್ಲಿದೆಯೋ ಗೊತ್ತಿಲ್ಲ. ಹೇಳಿ, ಈ ಅಭ್ಯಾಸ ನಿಮಗೊಬ್ಬರಿಗೇನಾ? ಅಲ್ಲಿ ಕೆಲಸ ಮಾಡಿದ ಬೇರೆಯವರೂ ಹೀಗೇ ಒತ್ತುತ್ತಾರಾ?”

ಹೌದು ಎಂದರೆ ಬೆಲ್ಲಕ್ಕನ ಕೆಲಸ ಆಗುತ್ತಿತ್ತು. ಆ ಒಂದು ಮಾತಿಗೆ ಅಧಿಕಾರಿ ಕಾಯುತ್ತಿದ್ದುದು ಅವರಿಗೆ ಕಾಣುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಅವರು ನುಂಗಿಕೊಂಡರು.

“ಬೇರೆಯವರ ವಿಷಯ ನಂಗೊತ್ತಿಲ್ಲ.”

“ಅಷ್ಟು ವರ್ಷ ಜೊತೇಲಿದ್ದು ಗೊತ್ತಿಲ್ವಾ?”

“ಗೊತ್ತಿಲ್ಲ ತಾಯಿ.”

ಅಧಿಕಾರಿ ನಿಟ್ಟುಸಿರಿಟ್ಟು ಪೆನ್ನು ತೆಗೆದುಕೊಂಡರು. ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ಕಬ್ಬಿಣದ ಕುರ್ಚಿಗಳು ಕಿರ್ರೆಂದವು. “ಅಯ್ಯೋ ಬಿಡ್ರೀ, ನಾವು ಜಗಳಕ್ಕೆ ಬಂದಿಲ್ಲ, ಸಾಕ್ಷಿಗೆ ಬಂದಿದ್ದೀವಿ!” ಎಂಬ ಹೆಣ್ಣು ದನಿ ಬಾಗಿಲನ್ನು ದಾಟಿ ಒಳಗೆ ಬಂತು. ಬೆಲ್ಲಕ್ಕ ಕಣ್ಣು ಮುಚ್ಚಿಕೊಂಡರು. ಆ ದನಿಯನ್ನು ಗುರುತಿಸಲು ಅವರಿಗೆ ಎರಡನೇ ಸಲ ಕೇಳಬೇಕಿರಲಿಲ್ಲ.

ಜವಾನ ಬಾಗಿಲು ತೆರೆದು, ಮೂವರು ಬಂದಿದ್ದಾರೆ, ಬೆಲ್ಲು ಕಾರ್ಖಾನೆಯವರಂತೆ ಎಂದ. ಅಚ್ಚು ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೇಲಿನ ಗುಂಡಿಯವರೆಗೆ ಬಿಗಿದುಕೊಂಡಿದ್ದರು. ಪಾಲಿಶ್ ಮಾಮನ ತಲೆ ಎಂದಿಗಿಂತ ಹೊಳೆಯುತ್ತಿತ್ತು. ಸ್ಪ್ರಿಂಗು ಅವರಿಬ್ಬರ ನಡುವಿನಿಂದ ಇಣುಕುತ್ತಿದ್ದಳು.

“ಬರಬೇಡಿ ಅಂದಿರಲಿಲ್ವಾ?” ಎಂದು ಬೆಲ್ಲಕ್ಕ ಗದರಿದರು, ಅಧಿಕಾರಿಯ ಎದುರಿಗೇ.

“ನೀನು ಅಂದೆ. ನಾವು ಹೂಂ ಅಂದಿರಲಿಲ್ಲ,” ಎಂದರು ಮೇಸ್ತ್ರಿ.

ಅಧಿಕಾರಿ ಎದ್ದು ನಿಂತರು. ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸಬಾರದೆಂದು ಇಬ್ಬರನ್ನು ಪಡಸಾಲೆಯ ಆ ತುದಿಗೆ ಕಳಿಸಿದರು. ಬೆಲ್ಲಕ್ಕನಿಗೆ ಬಾಯಿ ಬಿಡಬಾರದೆಂದು ಹೇಳಿದರು. ಮೊದಲು ಮೇಸ್ತ್ರಿಯನ್ನು ಕೂರಿಸಿದರು.

“ಕಳೆದ ವಾರ ಎಷ್ಟು ದಿನ ಕೆಲಸ ಮಾಡಿದಿರಿ?”

“ಎರಡು. ಶನಿವಾರ, ಸೋಮವಾರ.”

“ಶನಿವಾರ, ಸೋಮವಾರ ಒಂದೇ ವಾರವಾ?”

“ಮತ್ತೆ? ನಡುವೆ ಭಾನುವಾರ ರಜೆ.”

ಅಧಿಕಾರಿಯ ತುಟಿಯ ಅಂಚು ಒಂದಿಷ್ಟು ಅಲುಗಿತು. ಪಾಲಿಶ್ ಮಾಮ ಬಂದರು. ಅವರನ್ನು ಬೇರೆ ರೀತಿ ಕೇಳಿದರು: ಭಾನುವಾರ ನಿಮಗೆ ವಾರದ ಎಷ್ಟನೇ ದಿನ? ಮಾಮ ಬೆರಳಿನಲ್ಲಿ ಎಣಿಸಿದರು. ಎಣಿಕೆ ಶುರು ಮಾಡಿದ್ದು ಹೆಬ್ಬೆರಳಿಗೆ ಗುರುವಾರ ಎಂದು. “ನಾಲ್ಕನೇದು,” ಎಂದರು. ಕೊನೆಗೆ ಸ್ಪ್ರಿಂಗು ಬಂದಳು. ಅವಳಿಗೆ ಪ್ರಶ್ನೆ ಕೇಳಲು ಅಧಿಕಾರಿಗೆ ಅವಕಾಶವೇ ಸಿಗಲಿಲ್ಲ.

“ಮೇಡಂ, ನಮ್ಮಲ್ಲಿ ಯಾರಾದ್ರೂ ಸೋಮವಾರ ಬಂದು ‘ಹೊಸ ವಾರ’ ಅಂದ್ರೆ ಹೊಡೆತ ಬೀಳೋದು. ಬಟವಾಡೆ ಇನ್ನೂ ಬಂದಿರಲ್ಲ, ಕೈಯಲ್ಲಿ ಕಾಸಿರಲ್ಲ, ಹೊಸ ವಾರ ಎಲ್ಲಿಂದ ಬಂತು?”

ಅಧಿಕಾರಿ ಈ ಸಲ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಮೂವರನ್ನೂ ಸಾಲಾಗಿ ನಿಲ್ಲಿಸಿದರು.

“ನಿಮಗೆ ಇನ್ನೂ ನೋಟಿಸು ಬಂದಿಲ್ಲ. ಇಲ್ಲಿ ಬಂದು ಹೀಗೆ ಹೇಳಿದ್ರೆ ಏನಾಗುತ್ತೆ ಗೊತ್ತು ತಾನೇ? ನಾನು ಕೇಳಿಲ್ಲ ಅಂತ ನಟಿಸೋಕೆ ಆಗಲ್ಲ. ನಿಮ್ಮ ಹಾಜರಿಯನ್ನೂ ತೆಗೆಸಲೇಬೇಕು.”

“ತೆಗೆಸಿ,” ಎಂದರು ಮೇಸ್ತ್ರಿ.

“ಹೆಚ್ಚಿಗೆ ಬಂದಿದ್ರೆ ವಾಪಸು ಕಟ್ಟಬೇಕು.”

“ಕಂತು ಮಾಡಿಕೊಡಿ,” ಎಂದರು ಪಾಲಿಶ್ ಮಾಮ. ಇಡೀ ಬೆಳಿಗ್ಗೆ ಅವರು ತಾವಾಗಿ ಆಡಿದ ಮಾತು ಅದೊಂದೇ.

ಅಧಿಕಾರಿ ಕುರ್ಚಿಗೆ ಮರಳಿ ಬೆಲ್ಲಕ್ಕನ ಕಡತ ತೆರೆದರು. ‘ಉದ್ದೇಶಪೂರ್ವಕ’ ಎಂಬ ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆಯುತ್ತ ಅದನ್ನೇ ಗಟ್ಟಿಯಾಗಿ ಓದಿದರು: “ವಾರದ ಎಣಿಕೆಯಲ್ಲಿ ಅರಿಯದೆ ಆದ ತಪ್ಪು.” ಕೆಳಗೆ ಸಹಿ, ಮುದ್ರೆ. ಹೆಚ್ಚುವರಿ ಬಂದ ಭತ್ಯೆಯನ್ನು ಕಟ್ಟಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ, ಆದರೆ ಕಂತುಗಳಲ್ಲಿ ಕಟ್ಟಬಹುದು, ದಂಡ ಇಲ್ಲ ಎಂದರು. ಸ್ವಂತ ಉದ್ಯೋಗದ ನೆರವಿಗೆ ಅಡ್ಡಿ ಇಲ್ಲ ಎಂಬುದನ್ನು ಬೆಲ್ಲಕ್ಕ ಬಿಡದೆ ಕೇಳಿ ಕೇಳಿ ಹೇಳಿಸಿಕೊಂಡರು.

“ಆಮೇಲೆ ಒಂದು ಮಾತು,” ಎಂದರು ಅಧಿಕಾರಿ. “ಗೊತ್ತಿಲ್ಲ ಅಂತ ನನಗೆ ಸುಳ್ಳು ಹೇಳಿದ್ರಲ್ಲ, ಅದನ್ನು ಮಾತ್ರ ನಾನು ಬರ್ಕೊಂಡಿಲ್ಲ.”

ಬೆಲ್ಲಕ್ಕ ತಲೆ ತಗ್ಗಿಸಿದರು. ಕಿವಿಗಳೆರಡೂ ಕೆಂಪಾಗಿದ್ದವು.

ಪಡಸಾಲೆಯಲ್ಲಿ ಗಂಡ ಎದ್ದು ನಿಂತು, ಬಾಯಲ್ಲಿ ಕೇಳಲಾರದೆ ಹುಬ್ಬಿನಲ್ಲೇ ಕೇಳಿದರು. “ಆಯ್ತು!” ಎಂದು ಸ್ಪ್ರಿಂಗು ಕಿರುಚಿದಳು. ಟೋಕನ್ ಹಿಡಿದು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಗುರುತಿಲ್ಲದವರು ಚಪ್ಪಾಳೆ ತಟ್ಟಿದರು, ಯಾವುದಕ್ಕೆಂದು ತಿಳಿಯದೆಯೇ. ಗಂಡ ಮೇಸ್ತ್ರಿಯ ಎರಡೂ ಕೈ ಹಿಡಿದು, “ಇವತ್ತಿಂದ ನಿಮಗೆ ಜೀವಮಾನವಿಡೀ ಕಟಿಂಗು ಪುಕ್ಕಟೆ,” ಎಂದರು. ಪಾಲಿಶ್ ಮಾಮನ ತಲೆ ನೋಡಿ, “ನಿಮಗೆ ಏನು ಕೊಡೋದು ಅಂತ ಯೋಚನೆ ಮಾಡ್ತೀನಿ,” ಎಂದರು.

ಬೆಲ್ಲಕ್ಕ ಸ್ಪ್ರಿಂಗುವಿನ ಬೆನ್ನಿಗೆ ಒಂದು ಗುದ್ದಿದರು. ಆಮೇಲೆ ಅದೇ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು. “ನಿಮ್ಮ ತಲೇಲಿ ಬುದ್ಧಿ ಅನ್ನೋದಿದೆಯಾ? ಕಟ್ಟೋಕೆ ಎಲ್ಲಿಂದ ತರ್ತೀರಿ?”

“ಬೆಲ್ಲು ಮಾರಿ,” ಎಂದಳು ಸ್ಪ್ರಿಂಗು. “ನೀನು ಬೇಗ ಬೇಗ ಕೇಳಿಸ್ಕೋ.”

ಜವಾನ ಮೂರು ಟೋಕನ್ ತಂದುಕೊಟ್ಟ. ಹೇಳಿಕೆ ಬರೆಸಲು ಒಬ್ಬೊಬ್ಬರೇ ಒಳಗೆ ಹೋಗಬೇಕು, ಜೊತೆಗೆ ಕಾರ್ಖಾನೆಯ ವಾರವನ್ನು ಬಲ್ಲ ಒಬ್ಬರ ಸಾಕ್ಷಿ ಬೇಕು, ಸಾಕ್ಷಿಯಾಗುವವರ ಲೆಕ್ಕ ಇತ್ಯರ್ಥವಾಗಿರಬೇಕು, ಹೆಸರಿನ ಮುಂದೆ ಕಳಂಕ ಇರಬಾರದು ಎಂದು ವಿವರಿಸಿದ. ಮೇಸ್ತ್ರಿ ಬೆಲ್ಲಕ್ಕನ ಕಡೆ ನೋಡಿದರು. ಪಾಲಿಶ್ ಮಾಮ ನೋಡಿದರು. ಆ ಪಡಸಾಲೆಯಲ್ಲಿ ಅಂಥವರು ಒಬ್ಬರೇ ಇದ್ದರು, ಅದೂ ಈಗಷ್ಟೇ.

ಬೆಲ್ಲಕ್ಕ ಸೆರಗು ಸರಿಮಾಡಿಕೊಂಡರು. ಅಂಗಡಿ ತೆರೆಯಲು ಹೊತ್ತಾಯಿತೆಂದು ಚಡಪಡಿಸುತ್ತಿದ್ದ ಗಂಡನಿಗೆ, “ನೀವು ಹೋಗಿ, ನನಗೆ ಇನ್ನೂ ಕೆಲಸ ಇದೆ,” ಎಂದು ಹೇಳಿ, ಮೇಸ್ತ್ರಿಯ ಮುಂದೆ ನಡೆದು ಬಾಗಿಲು ತಳ್ಳಿದರು.